ಒಂದು ತಿಂಗಳ ‘ನೀವು’

ಮೇಲಿನಿಂದ ನೋಡಿದರೆ ಊರುಗಳೆಲ್ಲ ನಿದ್ದೆಹೋದ ಹಾಗೆ ಕಾಣುತ್ತವೆ. ಯಾವ ಮನೆಯಲ್ಲೂ ಜಗಳವಿಲ್ಲ, ಯಾವ ಬೀದಿಯಲ್ಲೂ ಸದ್ದಿಲ್ಲ. ಇಂದಿರಾನಗರದ ಒಂದು ಅಡ್ಡರಸ್ತೆಯಲ್ಲಿ, ಮೂರನೆಯ ಮಹಡಿಯ ಕಚೇರಿಯಲ್ಲಿ ಕೂತು ಆಶಾರಾಣಿ ಒಂಬತ್ತು ವರ್ಷದಿಂದ ಹೀಗೆ ಊರುಗಳನ್ನು ಮೇಲಿನಿಂದ ನೋಡುತ್ತ ಬಂದಿದ್ದಳು. ಉಪಗ್ರಹ ತೆಗೆದ ಚಿತ್ರ ಕಂಪ್ಯೂಟರಿನಲ್ಲಿ ಹರಡಿಕೊಳ್ಳುತ್ತದೆ. ಅದರ ಮೇಲೆ ಗೆರೆ ಎಳೆಯಬೇಕು. ಇದು ಕೆರೆ, ಇದು ಹಳ್ಳ, ಇದು ದಾರಿ, ಇದು ಮನೆ. ಹೊಳೆ ಉಕ್ಕಿದರೆ ಯಾವ ಊರಿನ ಎಷ್ಟು ಮನೆಗೆ ನೀರು ನುಗ್ಗೀತು ಎಂದು ಹೇಳಬೇಕಾದವರ ಕೈಗೆ ಆ ನಕ್ಷೆ ಹೋಗುತ್ತದೆ. ಸಂಜೆ, ಕಿಟಕಿಯಾಚೆ ಮಳೆಮರ ತನ್ನ ಎಲೆಗಳನ್ನು ಮಡಚಿಕೊಳ್ಳುವ ಹೊತ್ತಿಗೆ, ತಾನು ಕುರ್ಚಿಯಲ್ಲಿ ಕೂತಿದ್ದೇನೋ ಕೃಷ್ಣಾ ಹೊಳೆಯ ಮೇಲೆ ತೇಲುತ್ತಿದ್ದೇನೋ ಅವಳಿಗೇ ತಿಳಿಯುತ್ತಿರಲಿಲ್ಲ.

ಅವಳ ತವರು ಲಿಂಗಸುಗೂರಿನ ಹತ್ತಿರ. ಮದುವೆಯಾಗಿ ಬಂದು ಕಗ್ಗದಾಸಪುರದಲ್ಲಿ ಮನೆ ಮಾಡಿ ಹದಿನಾಲ್ಕು ವರ್ಷವಾಗಿದ್ದರೂ ನಾಲಿಗೆ ಮಾತ್ರ ಊರು ಬಿಟ್ಟು ಬರಲು ಒಪ್ಪಿರಲಿಲ್ಲ. ಅವಳ ಕೈಕೆಳಗೆ ನಾಲ್ಕು ಜನ. ಕೋಲಾರದ ಕಡೆಯ ಶ್ರೀರಾಮಪ್ಪ ಸರ್ವೆ ಇಲಾಖೆಯಿಂದ ನಿವೃತ್ತರಾಗಿ ಬಂದ ಹಿರಿಯರು. ಅವರಿಗೆ ಆಶಾರಾಣಿ ಮೊದಲ ದಿನದಿಂದಲೂ ‘ಬರ್ರಿ, ಕುಂದರ್ರಿ’. ಉಳಿದ ಮೂವರೂ ಇಪ್ಪತ್ತೈದರ ಆಚೀಚಿನವರು. ಮನೆಯಲ್ಲಿ ತಮಿಳಾಡುವ ಹಲಸೂರಿನ ಯಮುನಾ, ಶಿವಾಜಿನಗರದ ಅಲಿಯಾ, ಕೆ.ಆರ್. ಪುರದ ಒಂದು ಬಾಡಿಗೆ ರೂಮಿನಲ್ಲಿ ಅಪ್ಪ ಅಮ್ಮನ ಜೊತೆ ಇರುವ ಭೀಮು. ಭೀಮು ಸುರಪುರದ ಕಡೆಯವನು, ಅಂದರೆ ಆಶಾರಾಣಿಯ ಸೀಮೆಯಿಂದ ಹೊಳೆ ದಾಟಿದರೆ ಅವನ ಸೀಮೆ. ಇಡೀ ಕಚೇರಿಯಲ್ಲಿ ಅವಳ ಮಾತು ಪೂರ್ತಿ ತಿಳಿಯುತ್ತಿದ್ದದ್ದು ಅವನೊಬ್ಬನಿಗೇ.

ಈ ಮೂವರಿಗೂ ‘ನೀ’. ಬೆಳಿಗ್ಗೆ ಒಳಗೆ ಕಾಲಿಟ್ಟರೆ, “ಊಟ ಆತೇನ ಬೇ?” ಮಧ್ಯಾಹ್ನ, “ಬಾ ಇಲ್ಲಿ ಹುಚ್ಚಿ, ಈ ಹಳ್ಳ ಎಲ್ಲಿಗೆ ಹೊಂಟೈತಿ ನೋಡು.” ಭೀಮು ಐದು ನಿಮಿಷ ತಡವಾಗಿ ಬಂದರೆ, “ಲೇ ಭೀಮ್ಯಾ, ಎಲ್ಲಿ ಸತ್ತಿದ್ದೆಲೇ?” ಹಾಗೆ ಕೇಳುವಾಗ ಅವಳ ಕೈಯಲ್ಲಿ ಅವನಿಗೆಂದೇ ತೆಗೆದಿಟ್ಟ ಶೇಂಗಾ ಹೋಳಿಗೆಯ ಡಬ್ಬಿ ಇರುತ್ತಿತ್ತು. ಯಾರದಾದರೂ ಕೆಲಸ ತಪ್ಪಾಗಿ ಮೇಲಿನವರು ಸಿಡುಕಿದರೆ ಅದನ್ನು ತನ್ನ ತಲೆಯ ಮೇಲೆ ಹಾಕಿಕೊಂಡು ಬರುವವಳೂ ಅವಳೇ, ಬಂದ ಮೇಲೆ ಬಾಯಿಗೆ ಬಂದಂತೆ ಬೈಯುವವಳೂ ಅವಳೇ, ಬೈದ ಮೇಲೆ ಚಹಾ ತರಿಸಿಕೊಡುವವಳೂ ಅವಳೇ.

ಅವಳಿಗೆ ಗೊತ್ತಿದ್ದ ಯಜಮಾನಿಕೆ ಅದೊಂದೇ. ಅಪ್ಪ ಶಿವಶಂಕರಪ್ಪ ಇಪ್ಪತ್ತು ಜನರ ಮನೆಯನ್ನು ನಡೆಸಿದ್ದು ಹಾಗೆಯೇ, ಬೈದು, ಉಣ್ಣಿಸಿ. ತಮ್ಮ ಬಸವಪ್ರಭು ಎಂಜಿನಿಯರಾಗಿ ಎರಡು ಮಕ್ಕಳ ತಂದೆಯಾದರೂ ಮನೆಯಲ್ಲಿ ಇನ್ನೂ ‘ಬಸ್ಯಾ’. ಆ ಮನೆಯಲ್ಲಿ ‘ನೀವು’ ಎನ್ನುವುದು ಸಿಟ್ಟಿನ ಮಾತಾಗಿತ್ತು. ಅವ್ವ ನಿಜವಾಗಿ ಮುನಿದರೆ ಬೈಯುತ್ತಿರಲಿಲ್ಲ, ತಾಟು ಮುಂದೆ ಸರಿಸಿ, “ಉಣ್ರಿ ತಾಯಿ, ತಾವು ದೊಡ್ಡವರು” ಎನ್ನುತ್ತಿದ್ದಳು. ಆ ‘ರಿ’ ಕಿವಿಗೆ ಬಿದ್ದರೆ ಮಕ್ಕಳಿಗೆ ರೊಟ್ಟಿ ಗಂಟಲಿನಲ್ಲಿ ಇಳಿಯುತ್ತಿರಲಿಲ್ಲ.

ಯುಗಾದಿ ಮುಗಿದ ವಾರ ಸಿಬ್ಬಂದಿ ವಿಭಾಗದ ರಶ್ಮಿ ಅವಳನ್ನು ತನ್ನ ಗಾಜಿನ ಕೋಣೆಗೆ ಕರೆದಳು. ದೂರು ಹಾಕಲು ಕಚೇರಿಯಲ್ಲಿ ಒಂದು ವ್ಯವಸ್ಥೆಯಿತ್ತು, ಹೆಸರು ಬರೆಯಬೇಕಾಗಿರಲಿಲ್ಲ. ಅದರಲ್ಲಿ ಬಂದ ನಾಲ್ಕು ಸಾಲನ್ನು ರಶ್ಮಿ ಓದಿದಳು. ತಂಡದ ಮುಖ್ಯಸ್ಥರು ಏಕವಚನದಲ್ಲಿ ಮಾತಾಡುತ್ತಾರೆ. ಎಲ್ಲರೆದುರು ಕೂಗಿ ಕರೆಯುತ್ತಾರೆ. ಅವರು ಕೆಟ್ಟವರೆಂದು ಹೇಳುತ್ತಿಲ್ಲ. ಆದರೆ ದಿನಾ ಬೆಳಿಗ್ಗೆ ಈ ಮೆಟ್ಟಿಲು ಹತ್ತುವಾಗ ಹಾಗೇ ವಾಪಸು ಹೋಗಿಬಿಡೋಣ ಅನಿಸುತ್ತದೆ.

“ಯಾರಂತ ನಂಗೂ ಗೊತ್ತಿಲ್ಲ ಆಶಾ,” ಅಂದಳು ರಶ್ಮಿ. “ಒಂದು ತಿಂಗ್ಳು ನೋಡೋಣ ಅಂದಿದಾರೆ ಮೇಲಿನವ್ರು. ಎಲ್ರಿಗೂ ‘ನೀವು’ ಅನ್ನಿ, ಅಷ್ಟೇ. ತಿಂಗಳ ಕೊನೆಗೆ ತಂಡದವ್ರನ್ನ ಕೇಳ್ತೀವಿ. ದೂರು ನಿಜ ಅಂತಾದ್ರೆ ಲೀಡ್ ಜಾಗ ಶ್ರೀರಾಮಪ್ಪ ಅವ್ರಿಗೆ ಹೋಗತ್ತೆ. ನನ್ ಕೈಲಿಲ್ಲ.”

ಆಶಾರಾಣಿ ಹೆದರಿದಳು. ಜಾಗ ಹೋಗುವುದಕ್ಕೆ ಅಲ್ಲ, ಅಥವಾ ಅದಕ್ಕಷ್ಟೇ ಅಲ್ಲ. ಇವರೆಲ್ಲ ತನ್ನವರು ಎಂದು ಅವಳು ನಂಬಿದ್ದಳು. ನಂಬಿದ್ದು ನಿಜವೋ ಸುಳ್ಳೋ ಎಂಬುದು ಈಗ ತಿಂಗಳ ಕೊನೆಗೆ ತೀರ್ಮಾನವಾಗಬೇಕಿತ್ತು.

ಅವಳ ಅನುಮಾನ ನೇರ ಹೋಗಿ ಕೂತದ್ದು ಅಲಿಯಾಳ ಮೇಲೆ. ಕಾರಣ ‘ಬೇ’. ಲಿಂಗಸುಗೂರಿನಲ್ಲಿ ಹೆತ್ತ ತಾಯಿಗೂ ‘ಬಾ ಬೇ’ ಎನ್ನುತ್ತಾರೆ; ಶಿವಾಜಿನಗರದ ಗಲ್ಲಿಯಲ್ಲಿ ‘ಬೇ’ ಎಂದರೆ ಹುಡುಗರು ಅಂಗಿ ಹಿಡಿದು ಜಗಳಕ್ಕೆ ನಿಲ್ಲುವಾಗಿನ ಮಾತು. ಸೇರಿದ ಮೊದಲ ವಾರ ಅಲಿಯಾ ಆ ಪದ ಕೇಳಿ ಬೆಚ್ಚಿದ್ದು ಆಶಾರಾಣಿಗೆ ನೆನಪಿತ್ತು.

ರಶ್ಮಿ ಕರೆದು ಹೇಳಿದ ವಾರವೇ ಆಶಾರಾಣಿಯನ್ನು ಎರಡು ಗಂಟೆಯ ಒಂದು ತರಬೇತಿಗೆ ಕೂರಿಸಿದರು. ಯಾವ ದೇಶದವರು ಕೆಲಸದಲ್ಲಿ ಹೇಗೆ ನಡೆದುಕೊಳ್ಳುತ್ತಾರೆ ಎಂಬುದರ ಬಗ್ಗೆ. ಜಪಾನಿನವರು ಎಷ್ಟು ಬಾಗುತ್ತಾರೆ, ಜರ್ಮನಿಯವರು ಎಷ್ಟು ನೇರ ಮಾತಾಡುತ್ತಾರೆ, ಎಲ್ಲ ಚಿತ್ರ ಸಮೇತ ಇತ್ತು. ಲಿಂಗಸುಗೂರಿನವರು ಯಾಕೆ ಬೈಯುತ್ತಾರೆ ಎಂಬ ಪುಟವನ್ನು ಸೇರಿಸಲು ತರಬೇತಿಯವರು ಮರೆತಿದ್ದರು.

ಹೀಗೆ ‘ನೀವು’ ಶುರುವಾಯಿತು. “ಯಮುನಾ ಅವರೆ, ನೀವು ಈ ಫೈಲ್ ನೋಡ್ತೀರಾ?” “ಅಲಿಯಾ ಅವರೆ, ನಿಮಗೆ ಬಿಡುವಾದಾಗ.” ಹೇಳುವ ಮೊದಲು ಪ್ರತಿ ವಾಕ್ಯವನ್ನೂ ಮನಸ್ಸಿನಲ್ಲಿ ಒಮ್ಮೆ ತಿರುವಿಹಾಕಬೇಕು. ಹತ್ತು ದಿನಕ್ಕೆ ಕುತ್ತಿಗೆ ಹಿಡಿದುಕೊಂಡಿತು. ಹೋಳಿಗೆ ಡಬ್ಬಿ ತರುವುದು ನಿಂತಿತು. ‘ನೀವು ತಿನ್ನುತ್ತೀರಾ’ ಎಂದು ಕೇಳಿ ಕೊಡುವ ಹೋಳಿಗೆ ಅವಳಿಗೆ ಗೊತ್ತಿರಲಿಲ್ಲ. ಮಾತು ಕಡಿಮೆಯಾದಷ್ಟೂ ಅವಳು ನಕ್ಷೆಯೊಳಗೇ ಹೆಚ್ಚು ಇಳಿಯತೊಡಗಿದಳು. ಬೆಳಿಗ್ಗೆ ಕಗ್ಗದಾಸಪುರದ ರೈಲ್ವೆ ಗೇಟು ಹಾಕಿದ್ದರೆ ನಿಂತ ಆಟೋದಲ್ಲೇ ಕಣ್ಣು ಮುಚ್ಚುತ್ತಿತ್ತು. ಒಂದು ದಿನ ಅಲ್ಲೇ ಕನಸು ಬಿತ್ತು. ಅವಳು ತನ್ನ ಊರಿನ ಮೇಲೆ ತೇಲುತ್ತಿದ್ದಳು. ಮಾಳಿಗೆಗಳ ಮೇಲೆ ಕೆಂಪು ಮೆಣಸಿನಕಾಯಿ ಹರವಿದ್ದರು. ಅವ್ವ, ಬಸ್ಯಾ, ಓಣಿಯ ಗೆಳತಿಯರು ಅಂಗಳದಲ್ಲಿ ನಿಂತು ಮೇಲೆ ನೋಡುತ್ತಿದ್ದರು. ಕರೆಯಲು ಹೋದರೆ ಅವಳ ಬಾಯಿಂದ ‘ದಯವಿಟ್ಟು ತಾವು’ ಎಂದಷ್ಟೇ ಬರುತ್ತಿತ್ತು. ಯಾರನ್ನು ಕರೆಯುತ್ತಿದ್ದಾಳೋ ತಿಳಿಯದೆ ಅವರು ಒಬ್ಬೊಬ್ಬರಾಗಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಗೇಟು ತೆಗೆದು ಹಿಂದಿನ ಗಾಡಿಗಳು ಹಾರನ್ ಹೊಡೆದಾಗ ಅವಳ ಕೆನ್ನೆ ಒದ್ದೆಯಾಗಿತ್ತು.

ಕಚೇರಿಯಲ್ಲೂ ಎಲ್ಲ ಸ್ವಲ್ಪ ತಣ್ಣಗಾಯಿತು. ಯಮುನಾ ಎರಡು ಸಲ, “ಆಶಕ್ಕ, ಏನಾದ್ರೂ ಬೇಜಾರಾ?” ಎಂದು ಕೇಳಿ ಸುಮ್ಮನಾದಳು. ಇದಕ್ಕೆ ಹೊರತಾಗಿದ್ದವನು ಭೀಮು ಒಬ್ಬ. ಎರಡು ವರ್ಷದಿಂದ ಮೀಟಿಂಗಿನಲ್ಲಿ ಬಾಯಿ ತೆರೆಯದ ಹುಡುಗ ಈಗ ಒಂದೊಂದು ಮಾತು ಆಡತೊಡಗಿದ್ದ. ಒಂದು ಮಧ್ಯಾಹ್ನ ಅವಳ ಕುರ್ಚಿಯ ಹಿಂದೆ ಬಂದು ನಿಂತ. ಕಂಪ್ಯೂಟರಿನ ಮೇಲೆ ಹೊಳೆದಂಡೆಯ ಒಂದು ಊರಿತ್ತು. ಊರಿನಾಚೆ, ಹಳ್ಳದ ಮಗ್ಗುಲಲ್ಲಿ ಒತ್ತೊತ್ತಾಗಿದ್ದ ಸಣ್ಣ ತಗಡುಗಳನ್ನು ಆಶಾರಾಣಿ ‘ದನದ ಕೊಟ್ಟಿಗೆ’ ಎಂದು ಗುರುತು ಹಾಕಿದ್ದಳು.

“ಮೇಡಂ, ಅವು ಕೊಟಿಗಿ ಅಲ್ಲ,” ಅಂದ ಭೀಮು. “ಮನಿ ಅದಾವು. ಜನ ಇರ್ತಾರ.”

“ನಿಮಗ ಹ್ಯಾಂಗ ಗೊತ್ತು?”

“ಗೊತ್ತೈತ್ರಿ.”

ದೊಡ್ಡದು ಮಾಡಿ ನೋಡಿದಳು. ಒಂದರ ಮುಂದೆ ಬಟ್ಟೆ ಒಣಹಾಕಿದ ಬಣ್ಣದ ಚುಕ್ಕೆಗಳು ಕಂಡವು. ಅರವತ್ತೆರಡು ಮನೆ. ಹಾಗೇ ಬಿಟ್ಟಿದ್ದರೆ ನೀರು ಬಂದ ದಿನ ಅವು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಅವಳು ತಿದ್ದಿದಳು, ಹುಡುಗ ಹುಷಾರಾದ ಎಂದು ಹೆಮ್ಮೆಪಟ್ಟಳು. ಶಾಣ್ಯಾ ಅದೀಲೇ ಎಂದು ಬೆನ್ನಿಗೊಂದು ಗುದ್ದು ಕೊಡಲು ಎತ್ತಿದ ಕೈಯನ್ನು ಹಾಗೇ ಕೆಳಗಿಳಿಸಿ, “ಥ್ಯಾಂಕ್ಸ್ ರಿ ಭೀಮು ಅವರೆ” ಎಂದಳು. ಅವನ ಮುಖ ಅರಳಿದ್ದನ್ನು ನೋಡಿದಳು, ಯಾಕೆಂದು ಯೋಚಿಸಲಿಲ್ಲ.

ತಿಂಗಳು ಮುಗಿಯಲು ಎರಡು ದಿನವಿದ್ದಾಗ ಅಲಿಯಾ ಕ್ಯಾಂಟೀನಿನ ಬೇಸಿನ್ ಹತ್ತಿರ ಅವಳನ್ನು ತಡೆದು ನಿಲ್ಲಿಸಿದಳು. ಕಣ್ಣು ತುಂಬಿದ್ದವು.

“ನಾನೇನ್ ತಪ್ ಮಾಡ್ದೆ ಅಂತ ಹೇಳ್ಬಿಡಿ ಆಶಕ್ಕ. ಒಂದ್ ತಿಂಗ್ಳಿಂದ ‘ಅಲಿಯಾ ಅವ್ರೆ’ ಅಂತೀರಾ. ನಮ್ಮನೇಲಿ ಅಮ್ಮಿಗೆ ಹೇಳ್ದೆ, ನನ್ ಮೇಲೆ ಏನೋ ಕೋಪ ಅವ್ರಿಗೆ ಅಂತ. ನೀವು ‘ಬೇ’ ಅಂದ್ರೇನೇ ನಂಗೆ ಆಫೀಸ್ ಅನ್ಸೋದು.”

ಆಶಾರಾಣಿ ಅಲ್ಲಿಯೇ ಎಲ್ಲವನ್ನೂ ಹೇಳಿಬಿಟ್ಟಳು. ಅವಳ ಮನಸ್ಸು ಹತ್ತಿಯ ಹಾಗೆ ಹಗುರಾಯಿತು. ಅನುಮಾನಪಟ್ಟದ್ದಕ್ಕೆ ನಾಚಿಕೆಯೂ ಆಯಿತು. ಸುದ್ದಿ ತಿಳಿದ ಯಮುನಾ ಸುಮ್ಮನೆ ಕೂರುವವಳಲ್ಲ. “ಇದ್ಯಾರೋ ಪಕ್ಕದ್ ಟೀಮ್‌ನವ್ರು ಹೊಟ್ಟೆಕಿಚ್ಗೆ ಮಾಡಿರೋದು. ನಾವೇ ಬರ್ದು ಕೊಡೋಣ” ಎಂದು ಒಂದು ಪತ್ರ ಸಿದ್ಧಮಾಡಿದಳು. ನಮ್ಮ ಮುಖ್ಯಸ್ಥರ ಮಾತು ಅವರ ಊರಿನ ರೀತಿ, ಅದರಲ್ಲಿ ಪ್ರೀತಿಯಿದೆ, ನಮಗೆ ಯಾವ ನೋವೂ ಇಲ್ಲ, ಅವರು ಮೊದಲಿನ ಹಾಗೆಯೇ ಮಾತಾಡಲಿ. ಅಲಿಯಾ ಸಹಿ ಹಾಕಿದಳು. ಶ್ರೀರಾಮಪ್ಪ ಕನ್ನಡಕ ಏರಿಸಿ ಎರಡು ಸಲ ಓದಿ ಹಾಕಿದರು. ಭೀಮುವಿನ ಹತ್ತಿರ ಆಶಾರಾಣಿಯೇ ಒಯ್ದಳು. ಅವನು ಪೆನ್ನು ಹಿಡಿದು ಸ್ವಲ್ಪ ಹೊತ್ತು ಹಾಳೆಯನ್ನು ನೋಡಿದ, ಆಮೇಲೆ ಕೆಳಗೆ ಬರೆದುಕೊಟ್ಟ. ಶುಕ್ರವಾರ ಮೂರು ಗಂಟೆಗೆ ರಶ್ಮಿಗೆ ಕೊಟ್ಟರೆ ಮುಗಿಯಿತು, ದೂರು ಸುಳ್ಳಾಗುತ್ತದೆ, ಜಾಗ ಉಳಿಯುತ್ತದೆ, ‘ನೀ’ ಮನೆಗೆ ಬರುತ್ತದೆ.

ಶುಕ್ರವಾರ ಮಧ್ಯಾಹ್ನ ಅವಳು ಅವ್ವನ ಜೊತೆ ಫೋನಿನಲ್ಲಿ ನಗುತ್ತ ರಿಸೆಪ್ಷನ್ನಿಗೆ ಬಂದಳು. ಬಾಗಿಲ ಬಳಿ ಒಬ್ಬ ಮುದುಕ ನಿಂತಿದ್ದ. ಮಂಡಿಯವರೆಗಿನ ಧೋತ್ರ, ಹೆಗಲ ಮೇಲೆ ಟವೆಲು, ಕಾಲ ಬೆರಳುಗಳಲ್ಲಿ ಒಣಗಿದ ಸಿಮೆಂಟು. ಎದುರಿಗೇ ಸೋಫಾ ಖಾಲಿಯಿತ್ತು. ಅವಳ ಮಾತಿನ ಎಳೆ ಕಿವಿಗೆ ಬಿದ್ದದ್ದೇ ತಡ, ಅವನು ಟವೆಲನ್ನು ಹೆಗಲಿನಿಂದ ಇಳಿಸಿ ಕಂಕುಳಲ್ಲಿ ಸಿಕ್ಕಿಸಿಕೊಂಡ, ಚಪ್ಪಲಿಯನ್ನು ಕಾಲಿನಿಂದ ಹಿಂದಕ್ಕೆ ತಳ್ಳಿದ.

“ಶರಣ್ರೀ ಅವ್ವಾರ.”

ಬೆಂಗಳೂರಿನ ನಡುವೆ ಊರು ಎದ್ದು ಬಂದಂತಾಯಿತು ಅವಳಿಗೆ. ಫೋನು ಇಟ್ಟಳು. “ಯಾವೂರೋ ಯಪ್ಪಾ ನಿಂದು? ಯಾರನ್ನ ನೋಡಾಕ ಬಂದಿ?”

“ನಮ್ ಭೀಮು ಇಲ್ಲೇ ಅದಾನ್ರೀ. ಮನಿ ಚಾವಿ ಎರಡೂ ಅವನ ಕಿಸೇದಾಗ ಉಳದಾವ. ನಾ ಪೀರಪ್ಪ ಅಂತ್ರಿ, ಗೌಂಡಿ ಕೆಲಸ ಮಾಡ್ತೀನ್ರಿ.”

“ಭೀಮ್ಯಾನ ಅಪ್ಪನೇನೋ ನೀ? ಎಷ್ಟ್ ಚೊಲೋ ಆತು. ಯಾಕ ನಿಂತೀದಿ, ಕುಂದ್ರು.”

ಅವನು ಕೂತ. ಸೋಫಾದ ಮೇಲಲ್ಲ, ಅದರ ಪಕ್ಕ, ನೆಲದ ಮೇಲೆ, ಕುಕ್ಕರಗಾಲಿನಲ್ಲಿ. ಅವಳು ನಿಂತು, ಅವನು ಕೆಳಗೆ ಕೂತು, ಮಾತು ಮುಂದುವರಿಯಿತು. ಎಷ್ಟ್ ವರ್ಷಾತು ಬಂದು, ಊರಾಗ ಯಾರ್ ಯಾರ್ ಅದಾರ. ಒಂದು ನಿಮಿಷ, ಎರಡು ನಿಮಿಷ. ಅವಳಿಗೆ ಅದರಲ್ಲಿ ಏನೂ ವಿಚಿತ್ರ ಅನಿಸಲಿಲ್ಲ. ಎಲ್ಲ ಎಷ್ಟು ಸಹಜವಾಗಿತ್ತೆಂದರೆ ತವರಿನ ಕಟ್ಟೆಯ ಮೇಲೆ ಸಂಜೆಯ ಬಿಸಿಲಿಗೆ ನಿಂತ ಹಾಗೇ ಇತ್ತು.

ಆಗ ಒಳಗಿನ ಬಾಗಿಲು ತೆರೆದು ಭೀಮು ಬಂದ. ಚಾವಿ ಕೈಯಲ್ಲಿತ್ತು. ನೆಲದ ಮೇಲೆ ಕೂತ ಅಪ್ಪನನ್ನು ನೋಡಿದ, ನಿಂತ ಆಶಾರಾಣಿಯನ್ನು ನೋಡಿದ. ಸಿಟ್ಟಾಗಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು. ಅವನ ಮುಖದಲ್ಲಿ ಸಿಟ್ಟಿರಲಿಲ್ಲ. ಇದನ್ನು ಬಹಳ ಸಲ ನೋಡಿ ದಣಿದವರ ಮುಖ ಅದು.

“ಅಪಾ, ಮ್ಯಾಲ ಕುಂದ್ರು,” ಅಂದ ಮೆಲ್ಲಗೆ.

“ಇರ್ಲಿ ಬಿಡೋ ತಮಾ. ಅವ್ವಾರು ನಿಂತಾರ.”

ಆಶಾರಾಣಿ ಈಗ ಆ ಮುಖವನ್ನು ಸರಿಯಾಗಿ ನೋಡಿದಳು. ಶ್ರೀರಾಮಪ್ಪನವರಿಗಿಂತ ಹಿರಿಯ ಮನುಷ್ಯ. ಶ್ರೀರಾಮಪ್ಪನವರಿಗೆ ಮೊದಲ ದಿನವೇ ‘ಬರ್ರಿ’ ಎಂದ ನಾಲಿಗೆ ಈ ಗುರುತು ಪರಿಚಯವಿಲ್ಲದವರಿಗೆ ‘ನೀ’ ಎಂದದ್ದು ಯಾವ ಪ್ರೀತಿಯಿಂದ? ಟವೆಲು ಹೆಗಲಿನಿಂದ ಇಳಿದದ್ದನ್ನು ಕಣ್ಣು ನೋಡಿತು, ನಾಲಿಗೆ ತನ್ನ ಲೆಕ್ಕ ತಾನೇ ಹಾಕಿಕೊಂಡಿತು, ಅವಳನ್ನು ಒಂದು ಮಾತು ಕೇಳಲಿಲ್ಲ. ಮರೆತೇಹೋಗಿದ್ದ ಒಂದು ದನಿ ಅವಳ ಕಿವಿಯಲ್ಲಿ ಎದ್ದಿತು. ಅದು ಆರು ವರ್ಷದ ಆಶಾರಾಣಿಯದೇ ದನಿ. ಕಟ್ಟೆಯ ಮೇಲೆ ನಿಂತು ತಲೆ ಪೂರಾ ಬೆಳ್ಳಗಾಗಿದ್ದ ಆಳನ್ನು, “ಲೇ ಹಣಮ್ಯಾ, ಬಾರಲೇ” ಎಂದು ಕರೆಯುತ್ತಿದ್ದಳು. ಅವನು ಅಂಗಳದ ಆಚೆ ತುದಿಯಿಂದ, “ಬಂದ್ನೆವ್ವಾ” ಎಂದು ಓಡಿಬರುತ್ತಿದ್ದ. ಮನೆಯ ಕಟ್ಟೆಯೊಳಗೆ ಬಸ್ಯಾ, ಕಟ್ಟೆಯಾಚೆ ಹಣಮ್ಯಾ. ಪದದ ಬಾಲ ಒಂದೇ. ಬಸ್ಯಾ ತಿರುಗಿ ‘ಏನಬೇ’ ಎನ್ನಬಹುದಿತ್ತು. ಹಣಮ್ಯಾ ಅನ್ನುವ ಹಾಗಿರಲಿಲ್ಲ.

ಅವಳು ಬಾಗಿ ಸೋಫಾ ತೋರಿಸಿದಳು. “ತಪ್ಪ್ ತಿಳೀಬ್ಯಾಡ್ರಿ ಯಜಮಾನ್ರ. ನೀವು ಮ್ಯಾಲ ಕುಂದರ್ರಿ. ನೀವು ಕುಂದರ್ರಿ ಮದಲ.”

ಪೀರಪ್ಪನವರು ಗಡಬಡಿಸಿ ಎದ್ದು ನಿಂತರು. ಎರಡೂ ಕೈ ತಾವಾಗಿ ಜೋಡಿಸಿಕೊಂಡವು. ಕಣ್ಣಲ್ಲಿ ಭಯ.

“ನಂದೇನರ ತಪ್ಪಾತೇನ್ರೀ ಅವ್ವಾರ?”

ಭೀಮು ಅಪ್ಪನ ತೋಳು ಹಿಡಿದು, “ಏನೂ ಆಗಿಲ್ಲಪಾ, ನಡಿ” ಎಂದು ಲಿಫ್ಟಿನ ಕಡೆ ಕರೆದುಕೊಂಡು ಹೋದ. ಮುದುಕರು ಹಿಂತಿರುಗಿ ಎರಡು ಸಲ ನೋಡಿದರು, ಏನು ತಪ್ಪಾಯಿತೆಂದು ಇನ್ನೂ ತಿಳಿಯದೆ.

ಭೀಮು ವಾಪಸು ಬಂದಾಗ ಅವಳು ಅಲ್ಲೇ ಇದ್ದಳು. ಪತ್ರ ಕೈಯಲ್ಲಿತ್ತು. ಸಹಿಯ ಕೆಳಗೆ ಪೂರ್ತಿ ಹೆಸರಿತ್ತು, ‘ಭೀಮಣ್ಣ ಪೀರಪ್ಪ’. ಎರಡು ವರ್ಷದಲ್ಲಿ ಅವಳು ಆ ಹೆಸರನ್ನು ಒಮ್ಮೆಯೂ ಓದಿರಲಿಲ್ಲ.

“ಆ ದೂರು ನಿಮ್ದು,” ಅಂದಳು.

“ಹೌದ್ರಿ.”

“ಮತ್ತ ಇದಕ್ಕ ಯಾಕ ಸಹಿ ಹಾಕಿದ್ರಿ?”

ಭೀಮು ಕಿಟಕಿಯ ಕಡೆ ನೋಡಿದ. “ನೀವು ಹಾಳಿ ಹಿಡದು ಮುಂದ ನಿಂತ್ರಿ. ನಿಮ್ಮಂಥವ್ರು ಮುಂದ ನಿಂತ್ರ ‘ಒಲ್ಲೆ’ ಅನ್ನೂದು ನಮ್ಮನ್ಯಾಗ ಯಾರೂ ಕಲ್ತಿಲ್ರಿ. ಹೆಸರು ಹಾಕದ ಬರಿಯೂದಾದ್ರ ಬರೀಬಹುದು.” ಮತ್ತೆ ಅವಳ ಕಡೆ ತಿರುಗಿದ. “ಯಮುನಾಗ, ಅಲಿಯಾಗ ನೀವ್ ಏನಂದ್ರೂ ಪ್ರೀತೀನ ಕೇಳಸ್ತೈತಿ ಮೇಡಂ. ಅವ್ರಿಗಿ ನಮ್ಮ ಸೀಮಿ ಮಾತು ಗೊತ್ತಿಲ್ಲ. ನನಗ ಗೊತ್ತೈತಿ. ನೀವು ‘ಭೀಮ್ಯಾ’ ಅಂದಾಗೆಲ್ಲ ನಮ್ಮಪ್ಪನ್ನ ‘ಪೀರ್ಯಾ’ ಅಂತ ಕರದಂಗ ಆಗ್ತಿತ್ತು. ನೀವು ಹೋಳಿಗಿ ಕೊಡ್ತಿದ್ರಿ. ಗೌಡ್ರ ಮನ್ಯಾಗೂ ಕೊಡ್ತಿದ್ರು.”

ಅವಳು ಅಳಬೇಕೆಂದುಕೊಂಡಳು, ಅಳು ಬರಲಿಲ್ಲ. ಅಳುವುದಕ್ಕೆ ಇದು ತನ್ನ ಸರದಿಯಲ್ಲ ಎನಿಸಿತು. ಹೊರಗೆ ಮಧ್ಯಾಹ್ನ ಎಂದಿನಂತೆ ತೂಕಡಿಸುತ್ತಿತ್ತು, ಮಳೆಮರದ ನೆರಳು ಗಾಜಿನ ಮೇಲೆ ಅಲ್ಲಾಡುತ್ತಿತ್ತು. ಒಂಬತ್ತು ವರ್ಷ ಊರುಗಳನ್ನು ಮೇಲಿನಿಂದಲೇ ನೋಡಿದ್ದಳು. ಈ ಹೊತ್ತು ಯಾರೋ ಕಾಲು ಹಿಡಿದು ಕೆಳಗಿಳಿಸಿದ್ದರು.

ಮೂರು ಗಂಟೆಗೆ ರಶ್ಮಿಯ ಕೋಣೆಗೆ ಹೋದಾಗ ಪತ್ರ ಬ್ಯಾಗಿನೊಳಗೆ ಮಡಚಿಕೊಂಡಿತ್ತು. ಅದನ್ನು ತೆಗೆಯಲಿಲ್ಲ.

“ಯಮುನಾ ಎಲ್ಲಾ ಹೇಳಿದಾಳೆ,” ಎಂದು ರಶ್ಮಿ ನಕ್ಕಳು. “ಎಲ್ರೂ ಸೈನ್ ಮಾಡಿದಾರಂತೆ. ಕೊಟ್ಬಿಡಿ, ಕ್ಲೋಸ್ ಮಾಡೋಣ.”

“ದೂರು ನಿಜ ಐತಿ.”

ರಶ್ಮಿಯ ನಗೆ ಹಾಗೇ ನಿಂತಿತು. “ಆಶಾ, ಹಾಗಂದ್ರೆ ಲೀಡ್ ಜಾಗ…”

“ಗೊತ್ತೈತ್ರಿ.”

“ಯಾರ್ ಕೊಟ್ಟಿದ್ದು ಅಂತ ಗೊತ್ತಾಯ್ತಾ?”

“ಇಲ್ರಿ. ಅದು ಬ್ಯಾಡ.”

ರಶ್ಮಿ ಒಂದು ಬಿಳಿ ಹಾಳೆಯನ್ನೂ ಪೆನ್ನನ್ನೂ ಮುಂದೆ ಸರಿಸಿದಳು. ಅವರ ಕಚೇರಿಯಲ್ಲಿ ಇಂಥದ್ದನ್ನು ಕೈಯಲ್ಲೇ ಬರೆದುಕೊಡಬೇಕಿತ್ತು. ಆಶಾರಾಣಿ ಬರೆಯತೊಡಗಿದಳು. ದಿನಾಂಕ ಹಾಕಿದಳು. ನನ್ನ ಮೇಲೆ ಬಂದಿರುವ ದೂರು ಸತ್ಯವಾಗಿದೆ ಎಂದು ಬರೆದಳು. ಕೈ ತಾನಾಗಿ ಮುಂದುವರಿಯಿತು: ಎರಡು ವರ್ಷಗಳಿಂದ ನಾನು ನನ್ನ ತಂಡದ ಒಬ್ಬನನ್ನು.

ಪೆನ್ನು ನಿಂತಿತು. ಅವಳು ಆ ಪದವನ್ನು ನೋಡುತ್ತ ಕೂತಳು. ಹಾಳೆಯನ್ನು ನಾಲ್ಕು ತುಂಡು ಮಾಡಿ ಕೈಯಲ್ಲಿ ಹಿಡಿದುಕೊಂಡು, ರಶ್ಮಿಯಿಂದ ಇನ್ನೊಂದು ಹಾಳೆ ಕೇಳಿ ಪಡೆದು, ದಿನಾಂಕದಿಂದ ಮತ್ತೆ ಶುರುಮಾಡಿದಳು. ಆ ಜಾಗಕ್ಕೆ ಬಂದಾಗ ನಿಧಾನಕ್ಕೆ, ಒಂದೊಂದೇ ಅಕ್ಷರವಾಗಿ, ‘ಒಬ್ಬರನ್ನ’ ಎಂದು ಬರೆದು, ಕೊನೆಗೆ ‘ನ’ಕ್ಕೆ ಕೊಂಬು ಎಳೆದಳು.